ಎಷ್ಟು ವರ್ಷಗಳ ನಂತರ? ಎಳೆಯರ ಪ್ರಳಯೋತ್ತರ ಕಾದಂಬರಿಗಳ ಬಗ್ಗೆ

ಜಗತ್ತು ಮುಗಿದ ಮೇಲೆ ನಡೆಯುವ ಕಾದಂಬರಿಯೊಂದು ಕೈಗೆ ಬಂದರೆ, ಅದು ಹೇಗೆ ಮುಗಿಯಿತು ಎನ್ನುವುದಕ್ಕಿಂತ ಮೊದಲು, ಮುಗಿದು ಎಷ್ಟು ವರ್ಷಗಳಾದವು ಎನ್ನುವುದನ್ನು ನಾನು ಹುಡುಕುತ್ತೇನೆ. ಅಣುಯುದ್ಧ, ಸಾಂಕ್ರಾಮಿಕ, ಕ್ಷುದ್ರಗ್ರಹ, ಉಕ್ಕಿ ಬಂದ ಕಡಲು, ಕಾರಣ ಯಾವುದೇ ಇರಲಿ, ಅದರ ಕೆಲಸ ಸಾಮಾನ್ಯವಾಗಿ ಮೊದಲ ಕೆಲವು ಪುಟಗಳಲ್ಲೇ ತೀರಿಬಿಡುತ್ತದೆ. ಕಳೆದ ವರ್ಷಗಳ ಸಂಖ್ಯೆಯಾದರೋ ಕೊನೆಯ ಪುಟದವರೆಗೂ ಕಥೆಯ ಬೆನ್ನು ಬಿಡುವುದಿಲ್ಲ. ಯಾವ ಯಂತ್ರ ಇನ್ನೂ ಓಡೀತು, ಯಾವ ಡಬ್ಬಿಯ ಆಹಾರವನ್ನು ತಿನ್ನಬಹುದು, ಯಾವ ಕಾಗದ ಮುಟ್ಟಿದರೆ ಪುಡಿಯಾಗದೆ ಉಳಿದೀತು, ಹಿಂದಿನದನ್ನು ಕಣ್ಣಾರೆ ಕಂಡವರು ಯಾರಾದರೂ ಬದುಕಿದ್ದಾರೆಯೇ, ಕಥಾನಾಯಕಿ ಕಳೆದುಕೊಂಡದ್ದನ್ನು ನೆನೆದು ಅಳುತ್ತಾಳೆಯೋ ಅಥವಾ ಕಂಡದ್ದೇನೆಂದು ತಿಳಿಯದೆ ಬೆರಗಾಗುತ್ತಾಳೆಯೋ ಎಂಬುದೆಲ್ಲ ಆ ಒಂದು ಸಂಖ್ಯೆಯಿಂದಲೇ ನಿರ್ಧಾರವಾಗುತ್ತದೆ. ಎಳೆಯರಿಗಾಗಿ ಬರೆದ ಪ್ರಳಯೋತ್ತರ ವಿಜ್ಞಾನ ಕಥೆಗಳಲ್ಲಿ ಗಟ್ಟಿಯಾದವನ್ನು ಜೊಳ್ಳಿನಿಂದ ಬೇರ್ಪಡಿಸಲು ನನಗೆ ಇದಕ್ಕಿಂತ ನಂಬಿಕೆಯ ಅಳತೆಗೋಲು ಸಿಕ್ಕಿಲ್ಲ.

ವಿನಾಶವನ್ನು ಬೇರೆ ಬೇರೆ ದೂರಗಳಿಂದ ನೋಡುವುದು ನಮ್ಮ ಓದಿಗೆ ಹೊಸದೇನಲ್ಲ. ರನ್ನನ ದುರ್ಯೋಧನ ಸಂಜಯನೊಡನೆ ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ಬಿದ್ದಿರುವ ಗುರು, ತಮ್ಮ, ಮಗ, ಗೆಳೆಯ, ಎಲ್ಲರೂ ಅವನಿಗೆ ಹೆಸರಿನಿಂದ ಗೊತ್ತಿದ್ದವರು, ಆದ್ದರಿಂದ ಆ ನಡಿಗೆಯಲ್ಲಿ ಶೋಕವಲ್ಲದೆ ಬೇರೆಯದಕ್ಕೆ ಎಡೆಯಿಲ್ಲ. ಜನಮೇಜಯನಿಗೆ ಅದೇ ಯುದ್ಧ ಮುತ್ತಜ್ಜನ ಕಾಲದ ಸಂಗತಿ. ಅವನು ವೈಶಂಪಾಯನರ ಮುಂದೆ ಕುಳಿತು ಅಷ್ಟು ದೊಡ್ಡವರು ಹಾಗೇಕೆ ಮಾಡಿದರು ಎಂದು ಕೇಳುತ್ತಾನೆ. ಉತ್ತರ ಬಂದಷ್ಟೂ ಅವನ ಪ್ರಶ್ನೆಗಳು ಹೆಚ್ಚುತ್ತವೆ. ದೊಡ್ಡವರಿಗಾಗಿ ಬರೆದ ಪ್ರಳಯೋತ್ತರ ಕಾದಂಬರಿಗಳಲ್ಲಿ ಬಹುಪಾಲು ದುರ್ಯೋಧನನ ಜಾಗದಲ್ಲಿ ನಿಂತು ಮಾತಾಡುತ್ತವೆ. ಎಳೆಯರಿಗಾಗಿ ಬರೆದವುಗಳಲ್ಲಿ ನನಗೆ ಪ್ರಿಯವಾದವು ಜನಮೇಜಯನ ಜಾಗದಲ್ಲಿ ಕುಳಿತಿರುತ್ತವೆ. ಹದಿಮೂರು ವರ್ಷದ ಓದುಗನೂ ನಿಜವಾಗಿ ಅಲ್ಲಿಯೇ ಇದ್ದಾನೆ. ತಾನು ಕಟ್ಟದ, ತಾನು ಕೆಡಿಸದ ಲೋಕವೊಂದು ಅವನ ಕೈಗೆ ಬಂದಿದೆ, ಮತ್ತು ಅದರ ಅರ್ಧ ಭಾಗ ಏಕೆ ಹಾಗಿದೆಯೆಂದು ಅವನಿಗೆ ಯಾರೂ ಸರಿಯಾಗಿ ಹೇಳಿಲ್ಲ.

ಹಾಗೆಂದು ವಿನಾಶದ ಬೆನ್ನಿಗೇ ಆರಂಭವಾಗುವ ಎಳೆಯರ ಕಾದಂಬರಿಗಳು ಇಲ್ಲವೆಂದಲ್ಲ. 1970 ಮತ್ತು 1980ರ ದಶಕಗಳಲ್ಲಿ, ಎರಡು ಮಹಾಶಕ್ತಿಗಳು ಪರಸ್ಪರರ ನಗರಗಳತ್ತ ಕ್ಷಿಪಣಿಗಳನ್ನು ಗುರಿಯಿಟ್ಟಿದ್ದ ಕಾಲದಲ್ಲಿ, ಅಂಥವು ಹಲವು ಬಂದವು. ರಾಬರ್ಟ್ ಸಿ. ಓಬ್ರಯನ್ ಬರೆದ 'ಝೀ ಫಾರ್ ಝಕರೈಯಾ' ಲೇಖಕ ತೀರಿಕೊಂಡ ಮೇಲೆ, ಅವರ ಪತ್ನಿ ಮತ್ತು ಮಗಳು ಕೊನೆಯ ಭಾಗವನ್ನು ಪೂರ್ತಿಗೊಳಿಸಿದ ಬಳಿಕ, 1974ರಲ್ಲಿ ಪ್ರಕಟವಾಯಿತು. ಯುದ್ಧ ಮುಗಿದು ಸುಮಾರು ಒಂದು ವರ್ಷವಾಗಿದೆ. ಗಾಳಿಯ ವಿಚಿತ್ರ ಚಲನೆಯಿಂದಾಗಿ ವಿಕಿರಣ ತಟ್ಟದೆ ಉಳಿದ ಕಣಿವೆಯೊಂದರಲ್ಲಿ ಆ್ಯನ್ ಎಂಬ ಹುಡುಗಿ ಒಬ್ಬಳೇ ಬದುಕುತ್ತಿದ್ದಾಳೆ. ವಿಕಿರಣ ತಡೆಯುವ ಉಡುಪು ತೊಟ್ಟ ಅಪರಿಚಿತನೊಬ್ಬ ಅಲ್ಲಿಗೆ ಬರುತ್ತಾನೆ. ಈ ಪುಸ್ತಕದ ಬಿಗಿಯೆಲ್ಲ ಎರಡು ತೊರೆಗಳಲ್ಲಿದೆ. ಒಂದು ತೊರೆ ಕಣಿವೆಯೊಳಗಿನ ಚಿಲುಮೆಯಲ್ಲಿ ಹುಟ್ಟುತ್ತದೆ, ಅದರ ನೀರು ಶುದ್ಧ. ಇನ್ನೊಂದು ಹೊರಗಿನಿಂದ ಹರಿದು ಬರುತ್ತದೆ, ಅದರಲ್ಲಿ ಮೀನೂ ಇಲ್ಲ, ದಂಡೆಯಲ್ಲಿ ಹುಲ್ಲೂ ಇಲ್ಲ. ಬಂದವನು ನೋಡಿ ನೋಡಿ ಎರಡನೆಯದರಲ್ಲೇ ಸ್ನಾನಕ್ಕಿಳಿಯುತ್ತಾನೆ. ಆ್ಯನ್ ಅವನನ್ನು ಕೂಗಿ ಎಚ್ಚರಿಸಬಹುದಿತ್ತು, ಆದರೆ ಅವನು ಎಂಥವನೆಂದು ತಿಳಿಯದೆ ಅಡಗಿಯೇ ಕುಳಿತಿರುತ್ತಾಳೆ. ಮುಂದಿನ ಇಡೀ ಕಥೆ ಆ ಮೌನದ ಪರಿಣಾಮ.

ಒಂದು ವರ್ಷ ಎನ್ನುವ ಆಯ್ಕೆ ಇಲ್ಲಿ ವಿಜ್ಞಾನದ ದೃಷ್ಟಿಯಿಂದಲೂ ಒಪ್ಪುವಂಥದ್ದು. ಬಾಂಬು ಸಿಡಿದ ಮೇಲೆ ಉದುರುವ ವಿಕಿರಣದ ಧೂಳಿಗೆ ಒಂದು ಸರಳವಾದ ಲೆಕ್ಕವಿದೆ: ಕಾಲ ಏಳು ಪಟ್ಟಾದಾಗಲೆಲ್ಲ ತೀವ್ರತೆ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಿಡಿದ ಒಂದು ಗಂಟೆಯ ನಂತರ ಇದ್ದದ್ದು ಏಳು ಗಂಟೆಗೆ ಹತ್ತನೆಯ ಒಂದು ಭಾಗ, ಎರಡು ದಿನಗಳಿಗೆ ನೂರನೆಯ ಒಂದು ಭಾಗ, ಎರಡು ವಾರಗಳಿಗೆ ಸಾವಿರದ ಒಂದು ಭಾಗ. ಆದ್ದರಿಂದ ಮೊದಲ ಎರಡು ವಾರ ನೆಲಮಾಳಿಗೆಯಲ್ಲಿ ಅಡಗಿ ಕುಳಿತವರ ಕಥೆ ಒಂದು ಬಗೆಯದು. ಅದರ ನಂತರದ ಕಥೆ ಬೇರೆ, ಏಕೆಂದರೆ ಆಮೇಲೆ ಉಳಿಯುವುದು ಸೀಸಿಯಂ-137, ಸ್ಟ್ರಾನ್ಷಿಯಂ-90ರಂಥ ನಿಧಾನದ ವಿಷಗಳು. ಇವುಗಳ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು ಮೂವತ್ತು ವರ್ಷ, ಇವು ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ ಸಾಗುತ್ತವೆ. ಸಿಡಿತದ ಮರುದಿನವೇ ಬೀದಿಯಲ್ಲಿ ಓಡಾಡುವ ಹುಡುಗರನ್ನೂ, ಇನ್ನೂರು ವರ್ಷಗಳ ಬಳಿಕವೂ ಒಂದು ಹೆಜ್ಜೆ ತಪ್ಪಿದರೆ ಕುದಿದು ಸಾಯುವ ಹುಡುಗರನ್ನೂ ಒಂದೇ ಪುಸ್ತಕದಲ್ಲಿ ಕಂಡಾಗ, ಲೇಖಕರು ಲೆಕ್ಕ ಹಾಕಿಲ್ಲವೆಂದು ತಿಳಿದುಕೊಳ್ಳುತ್ತೇನೆ. ಎಳೆಯರಿಗೆ ಬರೆಯುವಾಗ ಇಷ್ಟು ಸಡಿಲ ನಡೆಯುತ್ತದೆ ಎಂಬ ನಂಬಿಕೆಯೇ ನನಗೆ ಅತಿ ಕಿರಿಕಿರಿಯ ವಿಷಯ. ಅವರು ದೊಡ್ಡವರಿಗಿಂತ ಹೆಚ್ಚು ಲೆಕ್ಕ ಕೇಳುವ ಓದುಗರು.

ಆ ಕಾಲದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಕಟುವಾದದ್ದು ಜರ್ಮನಿಯ ಗುಡ್ರುನ್ ಪೌಸೆವಾಂಗ್ 1983ರಲ್ಲಿ ಪ್ರಕಟಿಸಿದ, ಷೇವೆನ್‌ಬೋರ್ನ್ ಎಂಬ ಊರಿನ ಕೊನೆಯ ಮಕ್ಕಳ ಕಥೆ. ಅದೇ ವರ್ಷದ ಡಿಸೆಂಬರಿನಲ್ಲಿ ಕಾರ್ಲ್ ಸೇಗನ್ ಸೇರಿದಂತೆ ಐವರು ವಿಜ್ಞಾನಿಗಳು, ಉರಿಯುವ ನಗರಗಳ ಮಸಿ ಮೇಲಿನ ವಾತಾವರಣಕ್ಕೇರಿ ಸೂರ್ಯನ ಬೆಳಕನ್ನು ತಡೆದು ಭೂಮಿಯನ್ನು ತಣ್ಣಗಾಗಿಸಬಹುದೆಂಬ 'ಅಣುಚಳಿಗಾಲ'ದ ಲೆಕ್ಕವನ್ನು ಪ್ರಕಟಿಸಿದರು. ಇದಕ್ಕೊಂದು ಸಣ್ಣ ಪೂರ್ವನಿದರ್ಶನ ಚರಿತ್ರೆಯಲ್ಲಿತ್ತು: 1815ರಲ್ಲಿ ಟಾಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕಗಳು ಬೇಸಿಗೆಯನ್ನೇ ಕಾಣಲಿಲ್ಲ. ಪೌಸೆವಾಂಗ್ ಅವರ ಪುಸ್ತಕ ಹವಾಮಾನದ ಲೆಕ್ಕಕ್ಕೆ ಹೋಗುವುದಿಲ್ಲ. ಅದು ಕೇಳುವುದು ಹೊಣೆಯ ಪ್ರಶ್ನೆಯನ್ನು. ಅಜ್ಜ ಅಜ್ಜಿಯರ ಮನೆಗೆ ರಜೆಗೆಂದು ಹೊರಟ ಕುಟುಂಬದ ಹುಡುಗನೊಬ್ಬ, ಬಾಂಬು ಬಿದ್ದ ನಂತರದ ವರ್ಷಗಳನ್ನು ವರದಿಯ ಧಾಟಿಯಲ್ಲಿ ಹೇಳುತ್ತ ಹೋಗುತ್ತಾನೆ. ಅದರಲ್ಲಿ ಕಾಲುಗಳಿಲ್ಲದ ಹುಡುಗನೊಬ್ಬ ಗೋಡೆಯ ಮೇಲೆ ತಂದೆತಾಯಂದಿರನ್ನು ಶಪಿಸುವ ಎರಡು ಪದ ಬರೆಯುತ್ತಾನೆ. ಮಕ್ಕಳಿಗೆ ಇಷ್ಟು ಕತ್ತಲೆಯನ್ನು ಕೊಡಬಹುದೇ ಎಂಬ ವಾದ ಆ ಪುಸ್ತಕದ ಸುತ್ತ ಬಹಳ ನಡೆದಿದೆ. ಕೊಡಬಹುದು ಎಂದು ನನ್ನ ಅಭಿಪ್ರಾಯ, ಆದರೆ ಹನ್ನೆರಡು ವರ್ಷಕ್ಕಿಂತ ಕಿರಿಯರ ಕೈಗೆ ನಾನು ಅದನ್ನು ಇಡುವುದಿಲ್ಲ. ಇಟ್ಟರೆ ಓದಿದ ಬಳಿಕ ಅವರ ಜೊತೆ ಕುಳಿತು ಮಾತಾಡಲು ದೊಡ್ಡವರೊಬ್ಬರು ಇರಬೇಕು.

ಈಗ ನನ್ನ ಮೆಚ್ಚಿನ ಗುಂಪಿಗೆ ಬರುತ್ತೇನೆ. ಎರಡು, ಮೂರು ಅಥವಾ ಹತ್ತು ತಲೆಮಾರುಗಳ ನಂತರದ ಕಥೆಗಳಲ್ಲಿ ಒಂದು ಅಪರೂಪದ ಸಂಬಂಧ ಏರ್ಪಡುತ್ತದೆ: ಓದುಗನಿಗೆ ನಾಯಕನಿಗಿಂತ ಹೆಚ್ಚು ಗೊತ್ತಿರುತ್ತದೆ. ಬೇರೆ ಬಗೆಯ ಸಾಹಸಕಥೆಗಳಲ್ಲಿ ಎಳೆಯ ಓದುಗ ಸದಾ ಹಿಂದೆ ಓಡುತ್ತಿರುತ್ತಾನೆ. ಮಾಂತ್ರಿಕನಿಗೆ, ಪತ್ತೇದಾರನಿಗೆ, ಗಗನಯಾತ್ರಿಗೆ ಎಲ್ಲವೂ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ. ಇಲ್ಲಿ ಅದು ತಿರುವುಮುರುವಾಗುತ್ತದೆ. ಜಾನ್ ಕ್ರಿಸ್ಟೋಫರ್ ಎಂಬ ಹೆಸರಿನಲ್ಲಿ ಸ್ಯಾಮ್ಯುಯೆಲ್ ಯೂಡ್ ಬರೆದ ತ್ರಿಪಾದಿ ಯಂತ್ರಗಳ ಸರಣಿಯ ಮೊದಲ ಪುಸ್ತಕ 1967ರದು. ಮೂರು ಕಾಲಿನ ದೈತ್ಯಯಂತ್ರಗಳು ಭೂಮಿಯನ್ನು ಆಳುತ್ತಿವೆ. ಹದಿನಾಲ್ಕು ವರ್ಷವಾದ ಪ್ರತಿಯೊಬ್ಬರ ತಲೆಗೂ ಲೋಹದ ಟೊಪ್ಪಿಗೆಯೊಂದನ್ನು ಬೆಸೆಯಲಾಗುತ್ತದೆ, ಅಲ್ಲಿಂದಾಚೆಗೆ ಅವರಿಗೆ ಎದುರಾಡುವ ಬುದ್ಧಿಯೇ ಹುಟ್ಟುವುದಿಲ್ಲ. ತಪ್ಪಿಸಿಕೊಂಡು ಹೊರಟ ಮೂವರು ಹುಡುಗರು ಪಾಳುಬಿದ್ದ ಮಹಾನಗರವೊಂದರ ನೆಲದಡಿಯ ರೈಲುನಿಲ್ದಾಣದಲ್ಲಿ ಲೋಹದ ಮೊಟ್ಟೆಗಳನ್ನು ಕಾಣುತ್ತಾರೆ. ಅವು ಏನೆಂದು ಅವರಿಗೆ ತಿಳಿಯದು. ಓದುವ ಹುಡುಗಿಗೆ ಅವು ಕೈಬಾಂಬುಗಳೆಂದು ಎರಡನೆಯ ವಾಕ್ಯದಲ್ಲೇ ತಿಳಿಯುತ್ತದೆ, ಮತ್ತು ಅವರಲ್ಲೊಬ್ಬ ಅದರ ಪಿನ್ನನ್ನು ಎಳೆದು ನೋಡುವಾಗ ಅವಳ ಎದೆ ಅವರಿಗಿಂತ ಮೊದಲೇ ಹೊಡೆದುಕೊಳ್ಳುತ್ತದೆ. ಈ ಭಯವನ್ನು ಯಾವ ರಾಕ್ಷಸನನ್ನು ತಂದರೂ ಹುಟ್ಟಿಸಲಾಗದು, ಏಕೆಂದರೆ ಇದು ಓದುಗಳ ತಿಳಿವಳಿಕೆಯಿಂದಲೇ ಹುಟ್ಟಿದ್ದು.

ಜೀನ್ ಡುಪ್ರೌ 2003ರಲ್ಲಿ ಬರೆದ 'ದ ಸಿಟಿ ಆಫ್ ಎಂಬರ್' ಈ ಉಪಾಯವನ್ನು ಇಡೀ ಪುಸ್ತಕಕ್ಕೇ ಹಬ್ಬಿಸುತ್ತದೆ. ಕಟ್ಟಿದವರು ಒಂದು ನಗರವನ್ನು ಕತ್ತಲೆಯಲ್ಲಿ ನಿಲ್ಲಿಸಿದ್ದಾರೆ. ಅಲ್ಲಿನ ಜನರಿಗೆ ಬೇರೆ ಬೆಳಕೇ ಗೊತ್ತಿಲ್ಲ, ನದಿಯೊಂದರಿಂದ ಓಡುವ ಜನರೇಟರ್ ನಿಂತರೆ ಎಲ್ಲವೂ ಕಪ್ಪು. ಹೊರಬರುವ ದಾರಿಯ ಸೂಚನೆಗಳನ್ನು ಕಾಲಕ್ಕೆ ತಾನೇ ತೆರೆದುಕೊಳ್ಳುವ ಬೀಗವುಳ್ಳ ಪೆಟ್ಟಿಗೆಯಲ್ಲಿಟ್ಟು, ಒಬ್ಬ ಮೇಯರ್‌ನಿಂದ ಮುಂದಿನವನಿಗೆ ಗುಟ್ಟಾಗಿ ದಾಟಿಸುತ್ತ ಹೋಗಬೇಕೆಂದು ಏರ್ಪಾಡು ಮಾಡಿರುತ್ತಾರೆ. ಏಳನೆಯ ಮೇಯರ್ ಅದನ್ನು ಮನೆಗೆ ಒಯ್ಯುತ್ತಾನೆ, ಯಾರಿಗೂ ಹೇಳದೆ ಸಾಯುತ್ತಾನೆ. ಕಥೆ ಆರಂಭವಾಗುವುದು 241ನೆಯ ವರ್ಷದಲ್ಲಿ: ಉಗ್ರಾಣದ ಡಬ್ಬಿಗಳು ಮುಗಿಯುತ್ತಿವೆ, ದೀಪಗಳು ಆರಿ ಆರಿ ಹೊತ್ತಿಕೊಳ್ಳುತ್ತಿವೆ, ಸಿಕ್ಕ ಸೂಚನಾಪತ್ರವನ್ನು ಮಗುವೊಂದು ಅರ್ಧ ಅಗಿದುಹಾಕಿದೆ. ಉಳಿದ ಚೂರುಗಳನ್ನು ಜೋಡಿಸುವ ಹನ್ನೆರಡು ವರ್ಷದ ಲೀನಾ ಮತ್ತು ಡೂನ್ ದೋಣಿಯನ್ನು ಕಂಡವರಲ್ಲ, ಮೇಣದಬತ್ತಿಯನ್ನೂ ಕಂಡವರಲ್ಲ. ನೂರಾರು ಸಂಖ್ಯೆಯಲ್ಲಿ ಜೋಡಿಸಿಟ್ಟ ಮೇಣದ ಕಡ್ಡಿಗಳ ಮುಂದೆ ಅವರು ತಬ್ಬಿಬ್ಬಾಗಿ ನಿಲ್ಲುವಾಗ, ಪುಸ್ತಕ ಹಿಡಿದ ಮಗು ಜೋರಾಗಿ ಉತ್ತರ ಕೂಗದೆ ಇರಲಾರದು.

ಇಲ್ಲಿ ವಿಪತ್ತಿನ ಕಾರಣಕ್ಕಿಂತ ಅದನ್ನು ಎದುರಿಸಲು ಮಾಡಿದ ಏರ್ಪಾಡಿನ ಸೋಲು ಮುಖ್ಯವಾಗುತ್ತದೆ ಎನ್ನುವುದನ್ನು ಗಮನಿಸಬೇಕು. ಕಟ್ಟಿದವರು ಬುದ್ಧಿವಂತರು, ದುಷ್ಟರೂ ಅಲ್ಲ. ಆದರೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುವ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂದು ಯೋಚಿಸಿರಲಿಲ್ಲ. ಈ ಸಮಸ್ಯೆ ಕಥೆಯದಷ್ಟೇ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಅಣ್ವಸ್ತ್ರ ತಯಾರಿಕೆಯ ವಿಕಿರಣತ್ಯಾಜ್ಯವನ್ನು ಉಪ್ಪಿನ ಪದರಗಳಲ್ಲಿ ಹೂಳುವ ತಾಣವೊಂದಿದೆ. ಮುಂದಿನ 10,000 ವರ್ಷ ಅಲ್ಲಿ ಯಾರೂ ಅಗೆಯದಂತೆ ಎಚ್ಚರಿಸುವುದು ಹೇಗೆಂದು ಸೂಚಿಸಲು ಭಾಷಾಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರು, ಖಗೋಳವಿಜ್ಞಾನಿಗಳು ಮತ್ತು ಕಲಾವಿದರನ್ನು ಕೂಡಿಸಿ, 1993ರಲ್ಲಿ ವರದಿಯೊಂದನ್ನು ಹೊರತರಲಾಯಿತು. ದೈತ್ಯ ಮುಳ್ಳುಗಳ ಬಯಲು, ನೋವಿನ ಮುಖಗಳ ಕೆತ್ತನೆ, ಹಲವು ಭಾಷೆಗಳ ಶಾಸನ, ಹೀಗೆ ಅವರು ಊಹಿಸಿದ್ದೆಲ್ಲವೂ ಎಳೆಯರ ಕಾದಂಬರಿಯೊಂದರ ಮೊದಲ ಅಧ್ಯಾಯಕ್ಕೆ ಹೇಳಿಮಾಡಿಸಿದಂತಿದೆ. ಎದುರಿರುವ ತೊಡಕೂ ಅದೇ: ಅಷ್ಟು ಭಯಂಕರವಾಗಿ ಕಾವಲು ಕಟ್ಟಿದ ಜಾಗವನ್ನು ಕಂಡ ಹದಿನಾಲ್ಕು ವರ್ಷದವಳಿಗೆ ಅಲ್ಲಿ ನಿಧಿಯಿದೆ ಎಂದಲ್ಲದೆ ಬೇರೇನು ಅನಿಸೀತು?

ಸಾವಿರ ವರ್ಷ ದಾಟಿದ ಕಥೆಗಳಲ್ಲಿ ಲೇಖಕರಿಗೆ ನಗುವ ಸ್ವಾತಂತ್ರ್ಯವೂ ಸಿಗುತ್ತದೆ. ಫಿಲಿಪ್ ರೀವ್ 2001ರಲ್ಲಿ ಬರೆದ 'ಮಾರ್ಟಲ್ ಎಂಜಿನ್ಸ್' ಕಾದಂಬರಿಯಲ್ಲಿ ಅರವತ್ತು ನಿಮಿಷಗಳ ಯುದ್ಧ ನಡೆದು ಯುಗವೇ ಕಳೆದಿದೆ. ನಗರಗಳು ಗಾಲಿಗಳ ಮೇಲೆ ಚಲಿಸುತ್ತ ಸಣ್ಣ ನಗರಗಳನ್ನು ನುಂಗುತ್ತಿವೆ. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಡಿಸ್ನಿ ಕಾರ್ಟೂನಿನ ಮಿಕ್ಕಿ ಮತ್ತು ಪ್ಲೂಟೋ ವಿಗ್ರಹಗಳನ್ನು ಅಳಿದುಹೋದ ಅಮೆರಿಕದ ಪ್ರಾಣಿಮುಖದ ದೇವತೆಗಳೆಂದು ಪ್ರದರ್ಶನಕ್ಕಿಟ್ಟಿದ್ದಾರೆ. ಓದುಗ ನಗುತ್ತಾನೆ, ನಕ್ಕ ಮರುಕ್ಷಣ ನಮ್ಮ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದಿರುವ ವಿಗ್ರಹಗಳ ಪಕ್ಕದ ಚೀಟಿಗಳ ಮೇಲೆ ಅವನಿಗೆ ಸಣ್ಣದೊಂದು ಅನುಮಾನ ಹುಟ್ಟಿದರೆ ಆಶ್ಚರ್ಯವಿಲ್ಲ. ನಾವೂ ಇಂಥ ಪರಿಸ್ಥಿತಿಯಲ್ಲಿ ನಿಂತದ್ದುಂಟು. 1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ ಹಡಗಿನಿಂದ ಮೇಲೆ ತಂದ ಕಂಚಿನ ಹೆಂಟೆಯೊಂದರಲ್ಲಿ ಹಲ್ಲುಚಕ್ರಗಳು ಕಂಡವು. ಅದು ಸೂರ್ಯಚಂದ್ರರ ಸ್ಥಾನಗಳನ್ನೂ ಗ್ರಹಣಗಳನ್ನೂ ಲೆಕ್ಕ ಹಾಕುವ ಯಂತ್ರವೆಂದು ಬಿಡಿಸಿಕೊಳ್ಳಲು ದಶಕಗಳೇ ಬೇಕಾದವು. ಅದನ್ನು ಮಾಡಿದವರ ನಂತರ ಅಷ್ಟು ಜಟಿಲವಾದ ಹಲ್ಲುಚಕ್ರಗಳ ಯಂತ್ರ ಮತ್ತೆ ಕಾಣಿಸಿಕೊಳ್ಳಲು ಸಾವಿರಕ್ಕೂ ಹೆಚ್ಚು ವರ್ಷ ಹಿಡಿಯಿತು. ಯಾವ ಪ್ರಳಯವೂ ಇಲ್ಲದೆ ಒಂದು ವಿದ್ಯೆ ಕಳೆದುಹೋದ ಬಗೆ ಇದು.

ವರ್ಷಗಳ ಸಂಖ್ಯೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ನೋಡುವುದು ಅಲ್ಲಿ ಉಳಿದಿರುವ ವಸ್ತುಗಳನ್ನು. ಪೆಟ್ರೋಲು ಕೆಲವು ತಿಂಗಳುಗಳಲ್ಲಿ ಹಳಸಲು ತೊಡಗುತ್ತದೆ, ಒಂದೆರಡು ವರ್ಷಗಳಲ್ಲಿ ಎಂಜಿನ್ನಿಗೆ ನಿಷ್ಪ್ರಯೋಜಕ. ಇಪ್ಪತ್ತು ವರ್ಷಗಳ ಬಳಿಕ ಮರುಭೂಮಿಯಲ್ಲಿ ಕಾರುಗಳ ಬೆನ್ನಟ್ಟುವಿಕೆಯನ್ನು ಬರೆಯುವವರು ತೈಲ ಶುದ್ಧೀಕರಿಸುವವರನ್ನೂ ಕಥೆಯೊಳಗೆ ತರಬೇಕು. ಸೈಕಲ್ಲಿನ ಚೌಕಟ್ಟು ಉಳಿದೀತು, ಟಯರು ಬಿರುಕುಬಿಟ್ಟು ಹೋಗುತ್ತದೆ. ಸೌರಫಲಕದ ವಿಷಯದಲ್ಲಿ ಲೇಖಕರು ಅಗತ್ಯಕ್ಕಿಂತ ಹೆಚ್ಚು ಹಿಂಜರಿಯುತ್ತಾರೆ: ಅದರ ಉತ್ಪಾದನೆ ವರ್ಷಕ್ಕೆ ಸುಮಾರು ಶೇಕಡಾ ಅರ್ಧದಷ್ಟು ಮಾತ್ರ ಕುಗ್ಗುವುದರಿಂದ, ಗಾಜು ಒಡೆಯದೆ ಸಂಧಿಗಳು ತುಕ್ಕುಹಿಡಿಯದೆ ಇದ್ದರೆ ಐವತ್ತು ವರ್ಷಗಳ ಬಳಿಕವೂ ಬಿಸಿಲಿನಲ್ಲಿ ಸಣ್ಣ ಪಂಪೊಂದನ್ನು ಓಡಿಸಬಲ್ಲದು. ಕೆಡುವುದು ಬ್ಯಾಟರಿ. ಹಗಲು ಮಾತ್ರ ವಿದ್ಯುತ್ತಿರುವ, ಸೂರ್ಯ ಮುಳುಗುತ್ತಲೇ ಯಂತ್ರಗಳೆಲ್ಲ ನಿಲ್ಲುವ ಹಳ್ಳಿಯನ್ನು ಯಾರಾದರೂ ಬರೆದರೆ ಓದಲು ನಾನು ಸಿದ್ಧ. ಕಾಗದದಲ್ಲಿಯೂ ಭೇದವಿದೆ, ಆಮ್ಲೀಯವಾದ ಅಗ್ಗದ ಮರದ ತಿರುಳಿನ ಕಾಗದ ನೂರು ವರ್ಷ ತುಂಬುವ ಮೊದಲೇ ಹಳದಿಯಾಗಿ ಪುಡಿಯಾಗುತ್ತದೆ, ಅದಕ್ಕಿಂತ ಹಳೆಯದಾದ ಬಟ್ಟೆಯ ಚಿಂದಿಯ ಕಾಗದ ಶತಮಾನಗಳನ್ನು ದಾಟುತ್ತದೆ. ಹೀಗಾಗಿ ಪಾಳುಬಿದ್ದ ಗ್ರಂಥಾಲಯಕ್ಕೆ ಕಾಲಿಟ್ಟ ನಾಯಕಿಗೆ ನಮ್ಮ ಕಾಲದ ಅಗ್ಗದ ಕಾಗದದ ಪುಸ್ತಕಗಳಿಗಿಂತ ನಮ್ಮ ಮುತ್ತಾತಂದಿರ ಕಾಲಕ್ಕೂ ಹಿಂದಿನ ಪುಸ್ತಕಗಳೇ ಓದಲು ಸಿಗುವ ಸಾಧ್ಯತೆ ಹೆಚ್ಚು.

ಡಬ್ಬಿಯ ಆಹಾರದ ಬಗ್ಗೆ ನನ್ನ ಅನುಮಾನಗಳು ಸ್ವಲ್ಪ ಸಡಿಲವಾಗಿವೆ ಎಂದು ಒಪ್ಪಬೇಕು. 1865ರಲ್ಲಿ ಮಿಸೌರಿ ನದಿಯಲ್ಲಿ ಮುಳುಗಿದ ಬರ್ಟ್ರಾಂಡ್ ಎಂಬ ಉಗಿಹಡಗನ್ನು ಒಂದು ಶತಮಾನದ ಬಳಿಕ ಅಗೆದು ತೆಗೆದರು. ಅದರಲ್ಲಿದ್ದ ಡಬ್ಬಿಗಳನ್ನು 1974ರಲ್ಲಿ ಪರೀಕ್ಷಿಸಿದಾಗ ರೂಪ ಮತ್ತು ವಾಸನೆ ಹಾಳಾಗಿದ್ದರೂ, ಸಿ ಜೀವಸತ್ವ ಬಹುಮಟ್ಟಿಗೆ ಹೋಗಿದ್ದರೂ, ಒಳಗೆ ರೋಗಾಣುಗಳು ಬೆಳೆದಿರಲಿಲ್ಲ. ಬೀಜದ ವಿಷಯ ಇದಕ್ಕೆ ತದ್ವಿರುದ್ಧ. ಇನ್ನೂರು ವರ್ಷ ಹಳೆಯ ಪೊಟ್ಟಣವನ್ನು ಒಡೆದು ಬಿತ್ತಿದರೆ ಹೊಲವೇ ಹಸಿರಾಗುವ ಕೊನೆಯ ಅಧ್ಯಾಯ ಎಷ್ಟೋ ಪುಸ್ತಕಗಳಲ್ಲಿ ಬರುತ್ತದೆ. ಸಾಧಾರಣ ಕೋಣೆಯಲ್ಲಿಟ್ಟ ಈರುಳ್ಳಿ ಬೀಜ ಒಂದೆರಡು ವರ್ಷಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಗೋಧಿ ಕೆಲವು ವರ್ಷ ತಾಳೀತು. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತದ್ದು ನಿಜ, ಆದರೆ ಅದು ಸುದ್ದಿಯಾದದ್ದೇ ಹಾಗೆ ಆಗುವುದು ತೀರ ವಿರಳವೆಂಬ ಕಾರಣಕ್ಕೆ. ಮತ್ಸ್ಯಾವತಾರದ ಕಥೆಯಲ್ಲಿ ಮನು ತನ್ನ ದೋಣಿಗೆ ಬೀಜಗಳನ್ನು ಏರಿಸಿಕೊಂಡ. ಅದೇ ಆಸೆಯಿಂದ 2008ರಲ್ಲಿ ಉತ್ತರ ಧ್ರುವಕ್ಕೆ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಸಮೂಹದ ಬೆಟ್ಟವೊಂದರೊಳಗೆ ತೆರೆದ ಬೀಜಭಂಡಾರದಲ್ಲಿ ಮೈನಸ್ 18 ಡಿಗ್ರಿ ಚಳಿಯನ್ನು ಕಾಯ್ದುಕೊಳ್ಳುತ್ತಾರೆ. ಅಲ್ಲಿಂದ ಬೀಜ ಹಿಂದಕ್ಕೆ ತೆಗೆಯುವ ಪ್ರಸಂಗ ಮೊದಲ ಬಾರಿ ಬಂದದ್ದು 2015ರಲ್ಲಿ, ಸಿರಿಯಾದ ಯುದ್ಧದಿಂದಾಗಿ ಅಲೆಪ್ಪೋ ಬಳಿಯ ಬೀಜಸಂಗ್ರಹ ಕೈಗೆಟುಕದೆ ಹೋದಾಗ. ಬೀಜಕ್ಕಿರುವ ಆಯಸ್ಸು ಇಷ್ಟೇ ಎಂದು ತಿಳಿದ ಲೇಖಕಿಗೆ ಕಥೆಯಲ್ಲಿ ಬೀಜದ ಪೊಟ್ಟಣ ಪವಾಡವಾಗುವುದಿಲ್ಲ. ವರ್ಷ ಬಿಡದೆ ಬಿತ್ತಿ, ಬೆಳೆದು, ಮತ್ತೆ ಆರಿಸಿಡಬೇಕಾದ ಕೆಲಸವಾಗುತ್ತದೆ, ಹಸಿವಿನ ವರ್ಷದಲ್ಲಿ ಆ ಬೀಜವನ್ನೇ ತಿಂದುಬಿಡುವ ಆಸೆಯನ್ನು ಗೆಲ್ಲುವುದು ಕಥೆಯ ತಿರುಳಾಗುತ್ತದೆ.

ನಲವತ್ತು ವರ್ಷಗಳ ಬಳಿಕ ಮನುಷ್ಯರಿಲ್ಲದ ಊರು ಹೇಗಿರುತ್ತದೆಂದು ಊಹಿಸುವ ಅಗತ್ಯ ಈಗ ಉಳಿದಿಲ್ಲ. ಚೆರ್ನೋಬಿಲ್ ಸ್ಥಾವರ ಸಿಡಿದ ಮರುದಿನ, 1986ರ ಏಪ್ರಿಲ್ 27ರಂದು, ಸುಮಾರು 49,000 ಜನರಿದ್ದ ಪ್ರಿಪ್ಯಾತ್ ನಗರವನ್ನು ಬಸ್ಸುಗಳಲ್ಲಿ ತೆರವುಗೊಳಿಸಲಾಯಿತು. ಇಂದು ಅಲ್ಲಿ ಡಾಂಬರನ್ನು ಸೀಳಿ ಮರಗಳು ಬೆಳೆದಿವೆ, ಸುತ್ತಲಿನ ಕಾಡಿನಲ್ಲಿ ತೋಳಗಳಿವೆ, 1990ರ ದಶಕದ ಕೊನೆಯಲ್ಲಿ ತಂದುಬಿಟ್ಟ ಪ್ರಷೆವಾಲ್ಸ್ಕಿ ಎಂಬ ಕಾಡುಕುದುರೆಗಳು ಸಂತತಿ ಬೆಳೆಸಿವೆ. ಬೂದು ಬಣ್ಣದ, ಹುಲ್ಲೂ ಮೊಳೆಯದ ಮರುಭೂಮಿಯನ್ನೇ ಪ್ರಳಯೋತ್ತರ ಲೋಕವೆಂದು ಬಿಡಿಸುವ ಚಾಳಿಗೆ ಈ ಹಸಿರು ದೊಡ್ಡ ತಿದ್ದುಪಡಿ. ಹಯಾವೊ ಮಿಯಾಝಾಕಿ 1982ರಲ್ಲಿ ಕಾಮಿಕ್ಸ್ ಆಗಿ ಆರಂಭಿಸಿ 1984ರಲ್ಲಿ ಚಲನಚಿತ್ರವಾಗಿಸಿದ 'ನೌಸಿಕಾ' ಇದನ್ನು ಮೊದಲೇ ಕಂಡಿತ್ತು: ಸಾವಿರ ವರ್ಷಗಳ ಹಿಂದಿನ ಏಳು ದಿನಗಳ ಬೆಂಕಿಯ ನಂತರ ಹಬ್ಬಿದ ವಿಷದ ಕಾಡು ಮನುಷ್ಯರ ಶತ್ರುವೆಂದು ಎಲ್ಲರೂ ನಂಬಿದ್ದಾರೆ, ಆದರೆ ನೆಲಮಾಳಿಗೆಯಲ್ಲಿ ಆಳದ ಶುದ್ಧ ನೀರು ಮತ್ತು ಶುದ್ಧ ಮಣ್ಣಿನಲ್ಲಿ ಅದೇ ಗಿಡಗಳನ್ನು ಬೆಳೆಸಿ ನೋಡಿದ ಹುಡುಗಿಗೆ ಅವು ವಿಷ ಕಾರುವುದಿಲ್ಲವೆಂದು ತಿಳಿಯುತ್ತದೆ. ಕತ್ತಿ ಹಿಡಿದ ನಾಯಕಿಯರು ಬೇಕಾದಷ್ಟು ಸಿಗುತ್ತಾರೆ. ಹೀಗೆ ಗುಟ್ಟಾಗಿ ಪ್ರಯೋಗ ಮಾಡುವವಳು ಅಪರೂಪ.

ಬಹು ಜನಪ್ರಿಯವಾದ 'ದ ಹಂಗರ್ ಗೇಮ್ಸ್' ಬಗ್ಗೆ ಇಲ್ಲಿ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. 2008ರ ಆ ಪುಸ್ತಕದಲ್ಲಿ ಬರ, ಬಿರುಗಾಳಿ, ಬೆಂಕಿ, ಉಕ್ಕಿದ ಕಡಲುಗಳೆಲ್ಲ ಒಂದು ಭಾಷಣದ ಒಂದು ವಾಕ್ಯದಲ್ಲಿ ಬಂದು ಹೋಗುತ್ತವೆ. ಅದು ಪ್ರಭುತ್ವದ ಕಥೆ, ಪ್ರಳಯದ್ದಲ್ಲ. ಆದರೂ ಅದರಲ್ಲಿನ ಒಂದು ಸಂಖ್ಯೆಯನ್ನು ಮೆಚ್ಚುತ್ತೇನೆ. ಎಳೆಯರನ್ನು ಒಬ್ಬರನ್ನೊಬ್ಬರು ಕೊಲ್ಲಲು ಕಣಕ್ಕಿಳಿಸುವ ಆಟ ಅದು, ಆಗ ನಡೆಯುತ್ತಿರುವುದು 74ನೆಯ ವರ್ಷದ್ದು. ಅಂದರೆ ಆಟಕ್ಕೆ ಮೊದಲು ಏನಿತ್ತೆಂದು ನೆನಪಿಡುವಷ್ಟು ವಯಸ್ಸಾದವರು ಬಹುಶಃ ಬೆರಳೆಣಿಕೆಯಷ್ಟೇ, ಅವರೂ ಆಗ ಮಕ್ಕಳು. ಕ್ರೌರ್ಯವೊಂದು ಸಂಪ್ರದಾಯವಾಗಲು ಎಷ್ಟು ಕಾಲ ಬೇಕೋ ಅಷ್ಟನ್ನೇ ಸುಝೇನ್ ಕಾಲಿನ್ಸ್ ಅಳೆದು ಕೊಟ್ಟಿದ್ದಾರೆ.

ಇಷ್ಟೆಲ್ಲ ಓದಿದ ಮೇಲೂ ನನಗೆ ಬಹುತೇಕ ಖಾಲಿಯಾಗಿಯೇ ಕಾಣುವ ಒಂದು ಕಾಲಾವಧಿ ಇದೆ: ವಿನಾಶದ ನಂತರದ ಇಪ್ಪತ್ತರಿಂದ ನಲವತ್ತನೆಯ ವರ್ಷದವರೆಗಿನದು. ಆಗ ಹಳೆಯ ಲೋಕದಲ್ಲಿ ಕಸುಬು ಕಲಿತವರು ಮುದುಕರಾಗಿರುತ್ತಾರೆ, ಹದಿನೈದು ವರ್ಷದವರು ಅದನ್ನು ಕಂಡೇ ಇರುವುದಿಲ್ಲ, ಇಬ್ಬರೂ ಒಂದೇ ಮನೆಯಲ್ಲಿ ಇರುತ್ತಾರೆ. ಈ ಹೊತ್ತಿನಲ್ಲಿಯೇ ನಿಯಮಗಳು ಉಳಿದು ಅವುಗಳ ಕಾರಣಗಳು ಕಳಚಿಹೋಗುತ್ತವೆ. ಸಿ ಜೀವಸತ್ವದ ಕೊರತೆಯಿಂದ ಕಡಲಯಾನಿಗಳಿಗೆ ಬರುತ್ತಿದ್ದ ಸ್ಕರ್ವಿ ರೋಗದ ಚರಿತ್ರೆ ಇದಕ್ಕೆ ನಿಚ್ಚಳ ಸಾಕ್ಷಿ. ಕಿತ್ತಳೆ ಮತ್ತು ನಿಂಬೆ ಅದನ್ನು ಗುಣಪಡಿಸುತ್ತವೆಂದು ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ; 1795ರಲ್ಲಿ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕಡ್ಡಾಯ ಮಾಡಿತು; ಮುಂದಿನ ಶತಮಾನದಲ್ಲಿ ಅದರ ಬದಲಿಗೆ ಸತ್ವ ಕಡಿಮೆಯಿರುವ ಬೇರೊಂದು ಜಾತಿಯ ನಿಂಬೆಯ ರಸವನ್ನು ತಂದಾಗ, ಉಗಿಹಡಗುಗಳಿಂದ ಪ್ರಯಾಣ ಚಿಕ್ಕದಾಗಿದ್ದರಿಂದ ಅದು ಕೆಲಸ ಮಾಡುತ್ತಿಲ್ಲವೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಜನ ಮೂಲ ಚಿಕಿತ್ಸೆಯನ್ನೇ ಅನುಮಾನಿಸಿದರು, ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ಮೊದಲ ಅಂಟಾರ್ಕ್ಟಿಕ್ ಯಾತ್ರೆಯ ಜನರಿಗೆ ಅದೇ ರೋಗ ಬಂತು. ನೌಕಾಪಡೆ, ಮುದ್ರಣಾಲಯ, ವಿಶ್ವವಿದ್ಯಾಲಯಗಳೆಲ್ಲ ಇದ್ದ ಲೋಕದಲ್ಲಿ ಹೀಗಾಯಿತು.

ಇದನ್ನು ಮೂವತ್ತನೆಯ ವರ್ಷದ ಒಂದು ಸಣ್ಣ ವಸಾಹತಿಗೆ ತಂದು ನೋಡಿ. ನೀರನ್ನು ಕುದಿಸಬೇಕೆಂದು ಎಲ್ಲರಿಗೂ ಗೊತ್ತು, ಏಕೆಂದು ಗೊತ್ತಿರುವುದು ಅರವತ್ತೈದು ದಾಟಿದ ಮೂವರಿಗೆ. ಸೌದೆ ಸಾಲದ ಚಳಿಗಾಲ ಬಂದಾಗ ಕುದಿಯುವವರೆಗೂ ಕಾಯುವುದು ಮುದುಕರ ಮೂಢನಂಬಿಕೆಯೆಂದು ವಾದಿಸುವ ಬುದ್ಧಿವಂತ ಹುಡುಗನೊಬ್ಬ ಇದ್ದೇ ಇರುತ್ತಾನೆ, ಮತ್ತು ಅವನು ದುಷ್ಟನಾಗಿರಬೇಕಿಲ್ಲ. ಅಲ್ಲಿ ಕನ್ನಡಕ ಮಾಡಿಕೊಡುವವರಿಲ್ಲ, ಆದ್ದರಿಂದ ಹತ್ತಿರದ ಅಕ್ಷರ ಕಾಣದ ಮುದುಕಿಯ ಬಳಿ ವೈದ್ಯದ ಪುಸ್ತಕವಿದೆ, ಕಣ್ಣು ಚೆನ್ನಾಗಿರುವ ಮೊಮ್ಮಗಳಿಗೆ ಓದಲು ಬಾರದು; ಓದು ಕಲಿಸಲು ಎರಡು ವರ್ಷ ಬೇಕು, ಮುದುಕಿಗೆ ಅಷ್ಟು ಸಮಯವಿದೆಯೋ ಇಲ್ಲವೋ. ಕಲಿಸುವ ಹೊತ್ತನ್ನು ಹೊಲದ ಕೆಲಸದಿಂದ ಕದಿಯಬೇಕು, ಅದಕ್ಕೆ ಉಳಿದವರ ಒಪ್ಪಿಗೆ ಬೇಕು, ಒಪ್ಪಿಗೆಗೆ ಕಾರಣ ಕೊಡಬೇಕು, ಕಾರಣ ಆ ಪುಸ್ತಕದೊಳಗಿದೆ. ಇಂಥ ಕಾದಂಬರಿಗೆ ಹೊರಗಿನಿಂದ ದಾಳಿಕೋರರ ಗುಂಪೊಂದನ್ನು ತಂದು ನಿಲ್ಲಿಸಬೇಕಾಗಿಲ್ಲ. ಮೊಮ್ಮಗಳು ಎಷ್ಟು ಪುಟ ಮುಗಿಸಿದಳು, ಅಜ್ಜಿಯ ಕೆಮ್ಮು ಎಷ್ಟು ಹೆಚ್ಚಿತು ಎಂಬ ಎರಡು ಲೆಕ್ಕಗಳನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಸರಿಯಾಗಿ ಇಟ್ಟುಕೊಂಡು ಹೋದರೆ ಸಾಕು.